ಎಸ್‌ಡಿಬಿಯೋ, ಎಸ್‌ಡಿಸಿಯೋ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಚಿಪ್ ಕೇಳುತ್ತದೆ, ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಹಾಗಾಗಿ ಇನ್ನೂ ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕುವ ಉತ್ಸಾಹ ಈಗ ಕಾಣುತ್ತಿದೆ. ನಿವೃತ್ತ ಮೇಷ್ಟ್ರು, ಡಿಟಿಪಿ ಅಂಗಡಿಯವರು, ಕಾಲೇಜು ಹುಡುಗರು, ಎಲ್ಲರೂ ಪತ್ರ ಬರೆಯುತ್ತಿದ್ದಾರೆ. ಒಂದು ಯಂತ್ರಕ್ಕೆ ಹಾಕಿ ರುಚಿ ಕಂಡವರು ಅದರಿಂದಲೇ ಇನ್ನೊಂದಕ್ಕೆ ಪೆನ್ ಡ್ರೈವ್ ತಯಾರಿಸಲು ಹೊರಡುತ್ತಾರೆ, ಹೊರಟವರು ಬಹುತೇಕ ಒಂದೇ ಕಡೆ ಬಂದು ನಿಲ್ಲುತ್ತಾರೆ. ದಾರಿ ತೋರಿಸುವ ವಿಡಿಯೊದಲ್ಲಿ ‘/ಡೆವ್/ಎಸ್‌ಡಿಬಿ’ ಎಂದು ಟೈಪ್ ಮಾಡಿಸಿರುತ್ತಾರೆ. “ಸಾರ್, ನನ್ನ ಪೆನ್ ಡ್ರೈವೂ ಎಸ್‌ಡಿಬಿಯೇ ಆಗಿರುತ್ತದಲ್ಲವೇ?”

ಹೌದೆಂದಾಗಲೀ ಅಲ್ಲವೆಂದಾಗಲೀ ನಾನು ಇಲ್ಲಿ ಕೂತು ಹೇಳಲಾರೆ. ಆ ವಿಡಿಯೊ ಮಾಡಿದವರೂ ಹೇಳಲಾರರು. ನಿಮ್ಮ ಕಂಪ್ಯೂಟರಿಗೆ ಈ ಹೊತ್ತು ಏನೇನು ಚುಚ್ಚಿದ್ದೀರಿ, ಯಾವುದನ್ನು ಮೊದಲು ಚುಚ್ಚಿದಿರಿ ಎಂಬುದರ ಮೇಲೆ ಆ ಹೆಸರು ನಿಂತಿದೆ. ನಾಳೆ ಅದೇ ಪೆನ್ ಡ್ರೈವ್‌ಗೆ ಬೇರೆ ಹೆಸರು ಬರಬಹುದು. ಆದ್ದರಿಂದ ಈ ಹೆಸರನ್ನು ಯಾರಿಂದಲೂ ಕೇಳಿ ತಿಳಿಯಬಾರದು, ಹಿಂದಿನ ಬಾರಿಯ ನೆನಪಿನಿಂದಲೂ ಬರೆಯಬಾರದು. ಪ್ರತಿ ಸಲವೂ ಕಂಡುಕೊಳ್ಳಬೇಕು. ಕಂಡುಕೊಳ್ಳುವುದಕ್ಕೆ ಒಂದು ನಿಮಿಷವೂ ಬೇಕಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಆ ವಿಡಿಯೊಗಳಲ್ಲಿ ಬಳಸುವ ‘ಡಿಡಿ’ ಎಂಬ ಕಮಾಂಡಿಗೆ ಎರಡೇ ವಿಷಯ ಗೊತ್ತಾಗಬೇಕು: ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು. ಬರೆಯುವ ಜಾಗದಲ್ಲಿ ಈಗಾಗಲೇ ಏನಿದೆ ಎಂದು ಅದು ನೋಡುವುದಿಲ್ಲ, “ಖಂಡಿತವೇ?” ಎಂದು ಕೇಳುವುದೂ ಇಲ್ಲ. ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಿಂದಲೇ ಬರೆಯಲು ಶುರು ಮಾಡುತ್ತದೆ. ಪಾರ್ಟಿಷನ್‌ಗಳ ಪಟ್ಟಿ ಇರುವುದು ಅಲ್ಲೇ, ಹಾಗಾಗಿ ಅಳಿಯುವುದೂ ಅದೇ ಮೊದಲು. ನನಗೆ ಪರಿಚಯದ ತಾಲ್ಲೂಕು ಕೇಂದ್ರದ ಫೋಟೋಗ್ರಾಫರ್ ಒಬ್ಬರು ವಿಡಿಯೊದಲ್ಲಿದ್ದಂತೆಯೇ ಎಸ್‌ಡಿಬಿ ಎಂದು ಕೊಟ್ಟು ಎಂಟರ್ ಒತ್ತಿದರು. ಅವರ ಯಂತ್ರದಲ್ಲಿ ಆ ಹೊತ್ತು ಎಸ್‌ಡಿಬಿ ಆಗಿದ್ದದ್ದು ಮದುವೆ, ನಾಮಕರಣ, ಗೃಹಪ್ರವೇಶಗಳ ಚಿತ್ರಗಳನ್ನು ತುಂಬಿಟ್ಟಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಪೆನ್ ಡ್ರೈವ್ ಎಸ್‌ಡಿಸಿ ಆಗಿತ್ತು. ಅನುಸ್ಥಾಪನೆಯ ಫೈಲ್ ಎಷ್ಟು ದೊಡ್ಡದಿತ್ತೋ ಅಷ್ಟು ಭಾಗದ ಮೇಲೆ ಹೊಸ ದತ್ತಾಂಶ ಕೂತಿತು. ಅಲ್ಲಿದ್ದ ಚಿತ್ರಗಳು ಇನ್ನು ಯಾವ ವಿದ್ಯೆಗೂ ಸಿಗುವುದಿಲ್ಲ. ಉಳಿದ ಭಾಗದಿಂದ ‘ಫೋಟೋರೆಕ್’ ತಂತ್ರಾಂಶ ಸಾಕಷ್ಟನ್ನು ಎತ್ತಿಕೊಟ್ಟಿತು. ಆದರೆ ಅದು ಜೆಪೆಗ್ ಫೈಲಿನ ಆರಂಭದ ಗುರುತನ್ನು ಹುಡುಕಿ ಒಂದೊಂದನ್ನೇ ಹೆಕ್ಕುತ್ತದೆ, ಫೈಲಿನ ಹೆಸರಾಗಲೀ ಫೋಲ್ಡರ್ ಆಗಲೀ ಅದಕ್ಕೆ ಸಿಗುವುದಿಲ್ಲ. ಯಾರ ಮದುವೆಯ ಚಿತ್ರ ಯಾವುದೆಂದು ಅವರು ಮುಖ ನೋಡಿ ವಿಂಗಡಿಸಬೇಕಾಯಿತು.

ಈ ಗೊಂದಲ ಎಲ್ಲಿಂದ ಬಂತೆಂದು ತಿಳಿದರೆ ಮುಂದಿನದೆಲ್ಲ ಸುಲಭ. ಯುನಿಕ್ಸ್ ಕಾಲದಿಂದಲೂ ಯಂತ್ರದ ಸಾಧನಗಳನ್ನು ಫೈಲುಗಳಂತೆ ಕಾಣುವ ರೂಢಿಯಿದೆ. ಅವೆಲ್ಲ ‘/ಡೆವ್’ ಎಂಬ ಫೋಲ್ಡರಿನಲ್ಲಿ ಕಾಣಿಸಿಕೊಳ್ಳುತ್ತವೆ. ಲಿನಕ್ಸ್‌ನಲ್ಲಿ ‘ಎಸ್‌ಡಿ’ ಎಂದರೆ ಸ್ಕಸಿ ಡಿಸ್ಕ್. ಸ್ಕಸಿ ಎಂಬುದು 1980ರ ದಶಕದಲ್ಲಿ ರೂಪುಗೊಂಡ, ಕಂಪ್ಯೂಟರು ಡಿಸ್ಕಿನೊಡನೆ ಮಾತಾಡುವ ಒಂದು ಶಿಷ್ಟ ಭಾಷೆ. ನಿಮ್ಮ ಜೇಬಿನ ಪೆನ್ ಡ್ರೈವಿಗೂ ಅದಕ್ಕೂ ಏನು ಸಂಬಂಧ ಎನ್ನಬಹುದು. ಸಂಬಂಧ ನೇರವಾಗಿದೆ: ಯುಎಸ್‌ಬಿ ಕೇಬಲ್ಲಿನ ಮೂಲಕ ಪೆನ್ ಡ್ರೈವ್‌ಗೆ ಹೋಗುವ “ಇಷ್ಟನೇ ಬ್ಲಾಕ್ ಓದು”, “ಇಲ್ಲಿ ಬರೆ” ಎಂಬ ಅಪ್ಪಣೆಗಳು ಇಂದಿಗೂ ಸ್ಕಸಿ ಅಪ್ಪಣೆಗಳೇ. ಹಾಗಾಗಿ ಲಿನಕ್ಸ್‌ನ ಕರ್ನೆಲ್ ಪೆನ್ ಡ್ರೈವನ್ನು ಸ್ಕಸಿ ಡಿಸ್ಕಿನ ಸಾಲಿಗೇ ಸೇರಿಸುತ್ತದೆ.

ಹಿಂದೆ ಇದರಿಂದ ತೊಂದರೆ ಇರಲಿಲ್ಲ. ಯಂತ್ರದೊಳಗಿನ ಐಡಿಇ ಹಾರ್ಡ್ ಡಿಸ್ಕಿಗೆ ‘ಎಚ್‌ಡಿಎ’ ಎಂಬ ಬೇರೆಯೇ ಹೆಸರು, ಹೊರಗಿನಿಂದ ಬಂದ ಪೆನ್ ಡ್ರೈವ್‌ಗೆ ‘ಎಸ್‌ಡಿಎ’. ನೋಡಿದ ಕೂಡಲೇ ಒಳಗಿನದು ಯಾವುದು, ಹೊರಗಿನದು ಯಾವುದು ತಿಳಿಯುತ್ತಿತ್ತು. ಆಮೇಲೆ ಸಾಟಾ ಡಿಸ್ಕುಗಳು ಬಂದವು, ಅವುಗಳ ಚಾಲಕ ತಂತ್ರಾಂಶವನ್ನೂ ಸ್ಕಸಿ ಪದರದ ಮೇಲೆಯೇ ಕಟ್ಟಿದರು. ಅಲ್ಲಿಂದ ಒಳಗಿನ ಡಿಸ್ಕೂ ಹೊರಗಿನ ಡ್ರೈವೂ ಒಂದೇ ಸರದಿಯಲ್ಲಿ ನಿಂತವು. ಮೊದಲು ಕಂಡದ್ದು ಎಸ್‌ಡಿಎ, ಆಮೇಲಿನದು ಎಸ್‌ಡಿಬಿ, ಎಸ್‌ಡಿಸಿ. ‘ಜಡ್’ವರೆಗೆ ಮುಗಿದರೆ ಎಸ್‌ಡಿಎಎ ಎಂದು ಮತ್ತೆ ಮುಂದುವರಿಯುತ್ತದೆ. ವೈದ್ಯರ ಬಳಿ ಕೊಡುವ ಟೋಕನ್ ಇದ್ದಂತೆ ಇದು. ಇಂದು ಎರಡನೇ ಟೋಕನ್ ಸಿಕ್ಕವರಿಗೆ ನಾಳೆ ನಾಲ್ಕನೆಯದು ಸಿಗಬಹುದು.

ಈಚಿನ ವರ್ಷಗಳಲ್ಲಿ ಇನ್ನೊಂದು ತಿರುವು ಬಂದಿದೆ, ಅದೇ ಹೆಚ್ಚು ಅಪಾಯದ್ದು ಎಂದು ನನ್ನ ಅನಿಸಿಕೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಎನ್‌ವಿಎಂಇ ಎಸ್‌ಎಸ್‌ಡಿ. ಅದು ಸ್ಕಸಿ ಸಾಲಿನಲ್ಲಿ ನಿಲ್ಲುವುದಿಲ್ಲ. ಅದರ ಹೆಸರು ‘ಎನ್‌ವಿಎಂಇ0ಎನ್1’ ಎಂದಿರುತ್ತದೆ. ಅಂಥ ಯಂತ್ರಕ್ಕೆ ಪೆನ್ ಡ್ರೈವ್ ಚುಚ್ಚಿದರೆ ಎಸ್‌ಡಿ ಸಾಲು ಖಾಲಿ ಇರುವುದರಿಂದ ಅದಕ್ಕೆ ಮೊದಲ ಹೆಸರೇ ಸಿಗುತ್ತದೆ, ಅಂದರೆ ಎಸ್‌ಡಿಎ. ಹೊಸ ಯಂತ್ರದಲ್ಲಿ ಕಲಿತವರ ಮನಸ್ಸಿನಲ್ಲಿ “ಪೆನ್ ಡ್ರೈವ್ ಎಂದರೆ ಎಸ್‌ಡಿಎ” ಎಂದು ಕೂತುಬಿಡುತ್ತದೆ. ಅದೇ ಕಮಾಂಡನ್ನು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ ಕೊಟ್ಟರೆ ಏನಾಗುತ್ತದೆ? ಅಲ್ಲಿ ಎಸ್‌ಡಿಎ ಸಾಮಾನ್ಯವಾಗಿ ಒಳಗಿನ ಹಾರ್ಡ್ ಡಿಸ್ಕ್. ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳ ಒಳಗಿನ ಸಂಗ್ರಹ ‘ಎಂಎಂಸಿಬಿಎಲ್‌ಕೆ0’ ಎಂಬ ಹೆಸರಿನಲ್ಲಿ ಬರುತ್ತದೆ, ಒಳಗಿನ ಸ್ಲಾಟಿಗೆ ಹಾಕಿದ ಮೆಮೊರಿ ಕಾರ್ಡೂ ಹಲವು ಯಂತ್ರಗಳಲ್ಲಿ ಆ ಸಾಲಿನದೇ. ಅದೇ ಕಾರ್ಡನ್ನು ಯುಎಸ್‌ಬಿ ರೀಡರಿನಲ್ಲಿಟ್ಟು ಚುಚ್ಚಿದರೆ ಅದು ಎಸ್‌ಡಿ ಸಾಲಿಗೆ ಬಂದು ಸೇರುತ್ತದೆ. ವಸ್ತು ಒಂದೇ, ಬಾಗಿಲು ಬದಲಾದರೆ ಹೆಸರೂ ಬದಲು.

ಹಾಗಿದ್ದರೆ ಕಂಡುಕೊಳ್ಳುವುದು ಹೇಗೆ? ನಾನು ಎಲ್ಲರಿಗೂ ಹೇಳುವುದು ಮೊದಲು-ಆಮೇಲೆ ನೋಡುವ ವಿಧಾನ. ಪೆನ್ ಡ್ರೈವ್ ಚುಚ್ಚುವ ಮುನ್ನ ಟರ್ಮಿನಲ್ ತೆರೆದು ‘ಎಲ್‌ಎಸ್‌ಬಿಎಲ್‌ಕೆ’ ಎಂದು ಕೊಡಿ. ಎಲ್, ಎಸ್, ಬಿ, ಎಲ್, ಕೆ ಐದೂ ಇಂಗ್ಲಿಷಿನ ಸಣ್ಣಕ್ಷರ, ನಡುವೆ ಜಾಗ ಬೇಡ. ಯಂತ್ರದಲ್ಲಿರುವ ಡಿಸ್ಕುಗಳ ಪಟ್ಟಿ ಬರುತ್ತದೆ. ಈಗ ಪೆನ್ ಡ್ರೈವ್ ಚುಚ್ಚಿ, ಕೆಲವು ಸೆಕೆಂಡು ಬಿಟ್ಟು ಅದನ್ನೇ ಮತ್ತೆ ಕೊಡಿ. ಎರಡನೇ ಪಟ್ಟಿಯಲ್ಲಿ ಹೊಸದಾಗಿ ಕಂಡ ಸಾಲು ಯಾವುದೋ ಅದೇ ನಿಮ್ಮದು. ಈ ಕಮಾಂಡ್ ಏನನ್ನೂ ಬರೆಯುವುದಿಲ್ಲ, ಅಳಿಸುವುದಿಲ್ಲ, ಪಾಸ್‌ವರ್ಡ್ ಕೂಡ ಕೇಳುವುದಿಲ್ಲ. ಎಷ್ಟು ಸಲ ಬೇಕಾದರೂ ಕೊಡಬಹುದು.

ಹೊಸ ಸಾಲು ಸಿಕ್ಕಿದ ಮೇಲೆ ಅದರ ಗಾತ್ರವನ್ನೂ ನೋಡಿ. ಇಲ್ಲಿ ಹಲವರು ಗಾಬರಿಯಾಗುತ್ತಾರೆ: 16 ಜಿಬಿ ಎಂದು ಕೊಂಡದ್ದು 14.9 ಎಂದು ತೋರಿಸುತ್ತದೆ, 32 ಜಿಬಿಯದು 29.8, 1 ಟಿಬಿ ಡಿಸ್ಕ್ 931. ಅಂಗಡಿಯವನು ಮೋಸ ಮಾಡಿದನೇ ಎಂದು ಕೇಳಿ ಪತ್ರ ಬರೆದವರಿದ್ದಾರೆ. ಇದು ಎಣಿಕೆಯ ವ್ಯತ್ಯಾಸ ಅಷ್ಟೆ. ತಯಾರಕರು ಸಾವಿರದ ಲೆಕ್ಕದಲ್ಲಿ ಗುಣಿಸುತ್ತಾರೆ, ಈ ಕಮಾಂಡ್ 1024ರ ಲೆಕ್ಕದಲ್ಲಿ ಭಾಗಿಸುತ್ತದೆ. ನಿಜವಾದ ಮೋಸ ಬೇರೆ ಥರದ್ದು. 8 ಜಿಬಿ ಚಿಪ್ ಇಟ್ಟು, ಕೇಳಿದರೆ 512 ಜಿಬಿ ಎಂದು ಉತ್ತರಿಸುವಂತೆ ತಿದ್ದಿದ ನಕಲಿ ಪೆನ್ ಡ್ರೈವ್‌ಗಳು ಮಾರುಕಟ್ಟೆಯಲ್ಲಿವೆ. ಎಲ್‌ಎಸ್‌ಬಿಎಲ್‌ಕೆ ಅವುಗಳ ಮಾತನ್ನೇ ನಮಗೆ ಒಪ್ಪಿಸುತ್ತದೆ, ಸುಳ್ಳೆಂದು ಅದಕ್ಕೆ ತಿಳಿಯುವುದಿಲ್ಲ. ಪೂರ್ತಿ ತುಂಬಿ, ಮತ್ತೆ ಓದಿ ನೋಡುವ ‘ಎಫ್3’ನಂಥ ತಂತ್ರಾಂಶದಿಂದ ಮಾತ್ರ ಅದು ಬಯಲಾಗುತ್ತದೆ. ಅನುಮಾನಕ್ಕೆ ಎಡೆ ಕೊಡುವಷ್ಟು ಅಗ್ಗಕ್ಕೆ ಸಿಕ್ಕಿದ್ದರೆ ಈ ಪರೀಕ್ಷೆ ಮಾಡದೆ ಒಂದು ಫೈಲನ್ನೂ ಅದಕ್ಕೆ ಒಪ್ಪಿಸಬೇಡಿ.

ಅದೇ ಪಟ್ಟಿಯಲ್ಲಿ ‘ಆರ್‌ಎಂ’ ಎಂಬ ಕಾಲಂ ಇದೆ, ತೆಗೆದು ಹಾಕಬಹುದಾದ ಸಾಧನವಾದರೆ ಅಲ್ಲಿ 1 ಇರುತ್ತದೆ. ಇದೊಂದನ್ನೇ ನೆಚ್ಚಬೇಡಿ. ಪೆನ್ ಡ್ರೈವ್‌ಗಳು ಸಾಮಾನ್ಯವಾಗಿ 1 ಎನ್ನುತ್ತವೆ, ಆದರೆ ಯುಎಸ್‌ಬಿ ಹಾರ್ಡ್ ಡಿಸ್ಕ್‌ಗಳು ಹೊರಗಿನವಾದರೂ ಬಹುಪಾಲು 0 ಎಂದೇ ಹೇಳಿಕೊಳ್ಳುತ್ತವೆ. ಇನ್ನೂ ಭರವಸೆಯ ಗುರುತು ‘ಟ್ರಾನ್’ ಕಾಲಮ್ಮಿನದು. ಎಲ್‌ಎಸ್‌ಬಿಎಲ್‌ಕೆ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆಗೆ ಅಂಟಿಸಿ ಸಣ್ಣಕ್ಷರದ ‘ಓ’, ಮತ್ತೆ ಜಾಗ ಬಿಟ್ಟು ನೇಮ್, ಸೈಜ್, ಮಾಡೆಲ್, ಟ್ರಾನ್ ಎಂಬ ನಾಲ್ಕು ಇಂಗ್ಲಿಷ್ ಪದಗಳನ್ನು ನಡುವೆ ಬರೀ ಕಾಮಾ ಹಾಕಿ ಕೊಟ್ಟರೆ, ಡ್ರೈವಿನ ಮಾಡೆಲ್ ಹೆಸರೂ ಅದು ಸಾಟಾದಿಂದ ಬಂದದ್ದೋ ಯುಎಸ್‌ಬಿಯಿಂದ ಬಂದದ್ದೋ ಎಂಬುದೂ ಎದುರಿಗೇ ಬರುತ್ತವೆ. ಬರೀ ಎಲ್‌ಎಸ್‌ಬಿಎಲ್‌ಕೆ ಎಂದು ಕೊಟ್ಟಾಗ ಬರುವ ಪಟ್ಟಿಯ ಕೊನೆಯ ಕಾಲಂ, ಅಂದರೆ ಆ ಡಿಸ್ಕ್ ಎಲ್ಲಿ ಮೌಂಟ್ ಆಗಿದೆ ಎಂಬುದನ್ನೂ ಗಮನಿಸಿ. ನೀವು ಅಳಿಸಲು ಹೊರಟ ಡಿಸ್ಕಿನ ಕೆಳಗೆ ಬರೀ ಒಂದು ಓರೆಗೆರೆಯಾಗಲೀ, ‘/ಹೋಮ್’ ಎಂದಾಗಲೀ ಕಂಡರೆ ಕೀಬೋರ್ಡಿನಿಂದ ಕೈ ತೆಗೆಯಿರಿ. ನಿಮ್ಮ ಲಿನಕ್ಸ್ ಓಡುತ್ತಿರುವುದೇ ಆ ಡಿಸ್ಕಿನಿಂದ.

ಕರ್ನೆಲ್ಲಿನ ಬಾಯಿಂದಲೇ ಕೇಳಬೇಕೆನ್ನುವವರಿಗೆ ‘ಡಿಮೆಸೇಜ್’ ಇದೆ, ಡಿ-ಎಂ-ಇ-ಎಸ್-ಜಿ ಎಂದು ಟೈಪ್ ಮಾಡುವುದು. ಈಚಿನ ಉಬುಂಟುವಿನಲ್ಲಿ ಅದರ ಮುಂದೆ ‘ಸುಡೊ’ ಸೇರಿಸಬೇಕು. ಪೆನ್ ಡ್ರೈವ್ ಚುಚ್ಚಿದ ತಕ್ಷಣ ಇದನ್ನು ಕೊಟ್ಟರೆ ಕೊನೆಯ ಕೆಲವು ಸಾಲುಗಳಲ್ಲಿ ಇಡೀ ಕಥೆ ಇರುತ್ತದೆ: ಹೊಸ ಯುಎಸ್‌ಬಿ ಸಾಧನ ಕಂಡಿತು, ತಯಾರಕರು ಇಂಥವರು, 512 ಬೈಟಿನ ಇಷ್ಟು ಬ್ಲಾಕುಗಳಿವೆ, ಚೌಕ ಕಂಸದೊಳಗೆ ಎಸ್‌ಡಿಬಿ ಎಂಬ ಹೆಸರು. ಪೆನ್ ಡ್ರೈವ್ ಕೆಟ್ಟಿದ್ದರೆ ಆ ಸುಳಿವು ಸಿಗುವುದೂ ಇಲ್ಲೇ. ‘ಎಲ್‌ಎಸ್‌ಯುಎಸ್‌ಬಿ’ ಎಂಬ ಇನ್ನೊಂದು ಕಮಾಂಡನ್ನು ಬಹಳ ಮಂದಿ ಬಳಸಿ ನಿರಾಶರಾಗುತ್ತಾರೆ. ಅದು ಯುಎಸ್‌ಬಿ ತಂತಿಗೆ ಏನೇನು ಜೋಡಿಸಿದೆ ಎಂದು ಹೇಳುತ್ತದೆ, ಮೌಸ್ ಕೀಬೋರ್ಡ್ ಸಮೇತ. ಡಿಸ್ಕಿಗೆ ಸಿಕ್ಕ ಹೆಸರು ಅದರಲ್ಲಿ ಇರುವುದಿಲ್ಲ.

ಹೆಸರಿನ ಕೊನೆಯ ಅಂಕಿಯ ವಿಚಾರ ಒಂದಿದೆ. ಎಸ್‌ಡಿಬಿ ಎಂದರೆ ಇಡೀ ಡ್ರೈವ್, ಎಸ್‌ಡಿಬಿ1 ಎಂದರೆ ಅದರೊಳಗಿನ ಮೊದಲ ಪಾರ್ಟಿಷನ್. ಲಿನಕ್ಸ್ ಅನುಸ್ಥಾಪನೆಯ ಐಎಸ್‌ಒ ಫೈಲಿನಲ್ಲಿ ಪಾರ್ಟಿಷನ್ ಪಟ್ಟಿಯೂ ಸೇರಿಯೇ ಇರುವುದರಿಂದ ಅದನ್ನು ಇಡೀ ಡ್ರೈವಿಗೆ ಬರೆಯಬೇಕು. ಎಸ್‌ಡಿಬಿ1ಕ್ಕೆ ಬರೆದರೆ ಬರೆದದ್ದೇನೋ ಆಗುತ್ತದೆ, ಅದರಿಂದ ಯಂತ್ರ ಏಳುವುದಿಲ್ಲ. ಮೌಂಟ್ ಮಾಡುವುದು, ಫಾರ್ಮ್ಯಾಟ್ ಮಾಡುವುದು ಸಾಮಾನ್ಯವಾಗಿ ಪಾರ್ಟಿಷನ್ನಿನ ಕೆಲಸ, ಅಲ್ಲಿ ಅಂಕಿ ಬೇಕು. ಎನ್‌ವಿಎಂಇ ಮತ್ತು ಎಂಎಂಸಿ ಹೆಸರುಗಳು ಅಂಕಿಯಲ್ಲೇ ಮುಗಿಯುವುದರಿಂದ ಪಾರ್ಟಿಷನ್ ಅಂಕಿಯ ಮುಂದೆ ಒಂದು ‘ಪಿ’ ಸೇರುತ್ತದೆ.

ಮಾರ್ಗದರ್ಶಿ ಬರೆಯುವವರಲ್ಲಿ ನನ್ನದೊಂದು ವಿನಂತಿ. ಎಸ್‌ಡಿಬಿ ಎಂದು ಬರೆಯಬೇಡಿ. ಜವಾಬ್ದಾರಿಯುಳ್ಳವರು ಎಸ್‌ಡಿ ನಂತರ ದೊಡ್ಡಕ್ಷರದ ‘ಎಕ್ಸ್’ ಬರೆದು, ಅಲ್ಲಿ ನಿಮ್ಮ ಅಕ್ಷರ ಹಾಕಿಕೊಳ್ಳಿ ಎನ್ನುತ್ತಾರೆ. ಅದೂ ಸಾಲದು. ಆ ಎಕ್ಸ್ ಅನ್ನೇ ಹಾಗೆಯೇ ಟೈಪ್ ಮಾಡಿದವರು ನನಗೆ ಪತ್ರ ಬರೆದಿದ್ದಾರೆ, “ಕ್ಷಣದಲ್ಲಿ ಬರೆದು ಮುಗಿಯಿತು, ಆದರೆ ಪೆನ್ ಡ್ರೈವ್ ಖಾಲಿ” ಎಂದು. ಆಗುವುದು ಇಷ್ಟು: ಆ ಹೆಸರಿನ ಸಾಧನವೇ ಇಲ್ಲದ್ದರಿಂದ ಡಿಡಿ ಅದೇ ಹೆಸರಿನ ಒಂದು ಸಾಮಾನ್ಯ ಫೈಲನ್ನು ಡೆವ್ ಫೋಲ್ಡರಿನಲ್ಲಿ ಸೃಷ್ಟಿಸುತ್ತದೆ. ಆ ಫೋಲ್ಡರ್ ಇರುವುದು ಯಂತ್ರದ ಮೆಮೊರಿಯಲ್ಲಿ, ಆದ್ದರಿಂದ ಬರವಣಿಗೆ ಅಷ್ಟು ವೇಗ. ಹಾನಿಯಿಲ್ಲ, ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆ. ಆದರೆ ಕಲಿಯುವವರ ಉತ್ಸಾಹ ಇಂಥ ಕಡೆಯೇ ಕುಗ್ಗುವುದು. ಮೊದಲು ಎಲ್‌ಎಸ್‌ಬಿಎಲ್‌ಕೆ ತೋರಿಸಿ, ಆ ಪಟ್ಟಿ ಓದುವುದನ್ನು ಕಲಿಸಿ, ಆಮೇಲೆ ಬರೆಯುವ ಕಮಾಂಡಿಗೆ ಬನ್ನಿ.

ಟರ್ಮಿನಲ್ ಬೇಡವೆನ್ನುವವರಿಗೆ ಉಬುಂಟು, ಮಿಂಟ್ ಎರಡರಲ್ಲೂ ‘ಡಿಸ್ಕ್ಸ್’ ಎಂಬ ತಂತ್ರಾಂಶವಿದೆ. ಎಡಗಡೆ ಡ್ರೈವುಗಳ ಪಟ್ಟಿ, ಆರಿಸಿಕೊಂಡರೆ ಮಾಡೆಲ್, ಗಾತ್ರ, ಹೆಸರು ಎಲ್ಲವೂ ಬಲಗಡೆ. ವಿಂಡೋಸ್‌ನಲ್ಲಿ ಇ, ಎಫ್ ಎಂದು ಬರುವ ಅಕ್ಷರಗಳು ಡ್ರೈವಿನವಲ್ಲ, ಪಾರ್ಟಿಷನ್ನಿನವು. ಎ ಮತ್ತು ಬಿ ಫ್ಲಾಪಿಗಳಿಗೆ ಮೀಸಲಿದ್ದ ಡಾಸ್ ಕಾಲದ ರೂಢಿಯಿಂದ ಹಾರ್ಡ್ ಡಿಸ್ಕಿಗೆ ಸಿ ಬಂದದ್ದು ಇಂದಿಗೂ ಉಳಿದಿದೆ. ಇಡೀ ಡ್ರೈವನ್ನು ನೋಡಬೇಕೆಂದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಬೇಕು, ಅಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದಿರುತ್ತದೆ. ಲಿನಕ್ಸ್ ಬರೆದ ಪೆನ್ ಡ್ರೈವನ್ನು ವಿಂಡೋಸ್‌ಗೆ ಚುಚ್ಚಿದಾಗ “ಫಾರ್ಮ್ಯಾಟ್ ಮಾಡಲೇ?” ಎಂಬ ಪ್ರಶ್ನೆ ಬರಬಹುದು, ತನಗೆ ಓದಲಾಗದ ಪಾರ್ಟಿಷನ್ ಕಂಡರೆ ಅದು ಕೇಳುವುದೇ ಹಾಗೆ, ರದ್ದು ಮಾಡಿದರಾಯಿತು. ವಿಂಡೋಸ್‌ನಿಂದಲೇ ಪೆನ್ ಡ್ರೈವ್ ತಯಾರಿಸುವವರಿಗೆ ‘ರೂಫಸ್’ ಒಳ್ಳೆಯದು. ಬಾಹ್ಯ ಹಾರ್ಡ್ ಡಿಸ್ಕುಗಳನ್ನು ಅದು ತಾನಾಗಿಯೇ ಪಟ್ಟಿಯಿಂದ ಹೊರಗಿಡುತ್ತದೆ, ನಾವೇ ಆಯ್ಕೆ ಒತ್ತಿದರಷ್ಟೇ ತೋರಿಸುತ್ತದೆ. ಆ ಫೋಟೋಗ್ರಾಫರಂಥವರನ್ನು ಉಳಿಸುವುದು ಇಂಥ ಎಚ್ಚರವೇ. ಮ್ಯಾಕ್‌ನಲ್ಲಿ ‘ಡಿಸ್ಕ್‌ಯುಟಿಲ್ ಲಿಸ್ಟ್’ ಕೊಟ್ಟರೆ ಹೊರಗಿನ ಡ್ರೈವಿನ ಪಕ್ಕದಲ್ಲೇ ಅದು ಹೊರಗಿನದೆಂದು ಬರೆದಿರುತ್ತದೆ.

ಬರೆಯುವ ಕೆಲಸಕ್ಕೆ ಕೈ ಹಾಕುವ ಮುನ್ನ ಬೇಡದ ಯುಎಸ್‌ಬಿ ಡಿಸ್ಕುಗಳನ್ನೆಲ್ಲ ಕಿತ್ತಿಡುವುದು ನನ್ನ ಅಭ್ಯಾಸ. ಎಷ್ಟು ತಿಳಿದವರಿಗೂ ಇದನ್ನು ಹೇಳುತ್ತೇನೆ. ಚುಚ್ಚಿರದ ಡಿಸ್ಕಿನ ಮೇಲೆ ಯಾವ ಕಮಾಂಡೂ ಬರೆಯಲಾರದು. ಕೀಳುವಾಗಲೂ ಕ್ರಮವಿರಲಿ. ಕಮಾಂಡ್ ಮುಗಿಯಿತೆಂದರೂ ದತ್ತಾಂಶದ ಒಂದು ಭಾಗ ಇನ್ನೂ ಮೆಮೊರಿಯಲ್ಲಿ ಕಾಯುತ್ತಿರಬಹುದು. ‘ಸಿಂಕ್’ ಎಂದು ಕೊಟ್ಟು ಅದು ಮುಗಿಯುವವರೆಗೆ ಕಾದು, ಆಮೇಲೆ ಇಜೆಕ್ಟ್ ಮಾಡಿ ತೆಗೆಯಬೇಕು. ಹಾಗೆ ಮಾಡದೆ ಎಳೆದರೆ ಇನ್ನೊಂದು ವಿಚಿತ್ರವೂ ಆಗುತ್ತದೆ. ಮೌಂಟ್ ಆಗಿದ್ದ ಹಳೆಯ ಹೆಸರನ್ನು ಯಂತ್ರ ಇನ್ನೂ ಬಿಟ್ಟಿರದಿದ್ದರೆ, ಅದೇ ಪೆನ್ ಡ್ರೈವ್ ಮರಳಿ ಬಂದಾಗ ಎಸ್‌ಡಿಸಿ ಆಗಿ ಕೂರುತ್ತದೆ. ಅರ್ಧ ಗಂಟೆ ಹಿಂದೆ ಖಚಿತವಾಗಿ ಕಂಡುಕೊಂಡಿದ್ದ ಎಸ್‌ಡಿಬಿ ಈಗ ಸುಳ್ಳು.

ದಿನವೂ ಬ್ಯಾಕಪ್ ಮಾಡುವ ಕಚೇರಿ, ಗ್ರಂಥಾಲಯ, ಸ್ಟುಡಿಯೊಗಳಿಗೆ ಪ್ರತಿ ಸಲ ಹೀಗೆ ನೋಡುತ್ತಾ ಕೂರಲಾಗದು. ಅವರಿಗಾಗಿ ಬದಲಾಗದ ಹೆಸರುಗಳಿವೆ. ಡೆವ್ ಫೋಲ್ಡರಿನೊಳಗೆ ‘ಡಿಸ್ಕ್’ ಎಂಬ ಫೋಲ್ಡರ್, ಅದರೊಳಗೆ ‘ಬೈ-ಯುಯುಐಡಿ’, ‘ಬೈ-ಲೇಬಲ್’, ‘ಬೈ-ಐಡಿ’ ಎಂಬ ಉಪಫೋಲ್ಡರುಗಳು. ಯುಯುಐಡಿ ಎಂಬುದು ಫಾರ್ಮ್ಯಾಟ್ ಮಾಡುವಾಗ ಹುಟ್ಟುವ ಗುರುತು. ಲಿನಕ್ಸ್‌ನ ಇಎಕ್ಸ್‌ಟಿ4ರಲ್ಲಿ ಅದು 32 ಅಂಕಿ-ಅಕ್ಷರಗಳ ಉದ್ದನೆಯ ಸಾಲು, ಫ್ಯಾಟ್‌ನಲ್ಲಿ ನಡುವೆ ಅಡ್ಡಗೆರೆಯಿರುವ ಎಂಟೇ. ಯಾವ ಯಂತ್ರಕ್ಕೆ, ಯಾವ ಪೋರ್ಟಿಗೆ, ಯಾವ ಸರದಿಯಲ್ಲಿ ಚುಚ್ಚಿದರೂ ಅದು ಅದೇ. ಮತ್ತೆ ಫಾರ್ಮ್ಯಾಟ್ ಮಾಡಿದರೆ ಮಾತ್ರ ಬದಲಾಗುತ್ತದೆ. ಬೈ-ಐಡಿಯಲ್ಲಿರುವ ಹೆಸರು ತಯಾರಕರು ಕೊಟ್ಟ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆಯಿಂದ ಬಂದದ್ದಾದ್ದರಿಂದ ಫಾರ್ಮ್ಯಾಟ್ ಮಾಡಿದರೂ ಉಳಿಯುತ್ತದೆ. ಯಂತ್ರ ಏಳುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ‘ಎಫ್‌ಎಸ್‌ಟ್ಯಾಬ್’ ಫೈಲಿನಲ್ಲಿ ಇಂದಿನ ಲಿನಕ್ಸ್‌ಗಳು ಯುಯುಐಡಿಯನ್ನೇ ಬರೆದುಕೊಳ್ಳುವುದು ಇದಕ್ಕೇ. ನೀವು ಅಲ್ಲಿ ಯುಎಸ್‌ಬಿ ಡಿಸ್ಕ್ ಸೇರಿಸುವುದಾದರೆ ಜೊತೆಗೆ ‘ನೋಫೇಲ್’ ಎಂಬ ಪದವನ್ನೂ ಸೇರಿಸಿ. ಇಲ್ಲವಾದರೆ ಡಿಸ್ಕ್ ಚುಚ್ಚಿರದ ದಿನ ಯಂತ್ರ ಅದಕ್ಕಾಗಿ ಕಾದು, ಕೊನೆಗೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡಬಹುದು.

ಮನುಷ್ಯರು ಓದುವಂಥದ್ದು ಲೇಬಲ್. ಫ್ಯಾಟ್‌ನಲ್ಲಿ ಅದಕ್ಕೆ 11 ಅಕ್ಷರಗಳ ಮಿತಿ, ಅಲ್ಲಿ ಇಂಗ್ಲಿಷೇ ಕ್ಷೇಮ. ಎಕ್ಸ್‌ಫ್ಯಾಟ್‌ನಲ್ಲೂ 11, ಆದರೆ ಅದು ಯುನಿಕೋಡ್ ಒಪ್ಪುವುದರಿಂದ ಕನ್ನಡದಲ್ಲೂ ಹೆಸರಿಡಬಹುದು. ಇಎಕ್ಸ್‌ಟಿ4ರ ಮಿತಿ 16 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ವ್ಯಂಜನವೂ ಒಂದೊಂದು ಸ್ವರಚಿಹ್ನೆಯೂ ಒಂದೊಂದು ಹಲಂತ ಗುರುತೂ ಮೂರು ಬೈಟ್ ತೆಗೆದುಕೊಳ್ಳುತ್ತವೆ. ‘ಮದುವೆ’ ಎಂಬುದು 15 ಬೈಟಿನಲ್ಲಿ ಹಿಡಿಸುತ್ತದೆ. ‘ಬ್ಯಾಕಪ್’ ಎಂದು ಬರೆಯಹೋದರೆ 21 ಆಗಿ ಹೊರಗುಳಿಯುತ್ತದೆ. ಇರುವ ಪ್ರತಿ ಡ್ರೈವಿಗೂ ಬೇರೆ ಬೇರೆ ಲೇಬಲ್ ಇಡಿ, ಅದನ್ನೇ ಚೀಟಿಯಲ್ಲಿ ಬರೆದು ಡ್ರೈವಿನ ಮೇಲೂ ಅಂಟಿಸಿ. ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಬೈ-ಲೇಬಲ್ ಅಥವಾ ಬೈ-ಯುಯುಐಡಿ ದಾರಿಯಿಂದಲೇ ಮೌಂಟ್ ಮಾಡಿಸಿ, ಮೌಂಟ್ ಆಗದಿದ್ದರೆ ಮುಂದೆ ಹೋಗಬಾರದು ಎಂಬ ಷರತ್ತನ್ನೂ ಬರೆದಿಡಿ. ಆಗ ಯಾರೋ ಆ ದಿನ ಬೇರೆ ಡಿಸ್ಕ್ ಚುಚ್ಚಿ ಹೋಗಿದ್ದರೂ ಸ್ಕ್ರಿಪ್ಟ್ ತನ್ನದು ಸಿಗಲಿಲ್ಲವೆಂದು ಅಲ್ಲೇ ನಿಲ್ಲುತ್ತದೆ. ಎಸ್‌ಡಿಬಿ1 ಎಂದು ಬರೆದಿದ್ದರೆ ಆ ಹೊತ್ತಿಗೆ ಅಲ್ಲಿ ಯಾರ ಡಿಸ್ಕ್ ಇದೆಯೋ ಅದರ ಮೇಲೆಯೇ ಬರೆಯುತ್ತದೆ.